ಎಕ್ಸ್‌ರೇ ಕೋಣೆಯ ಮೊದಲ ಪಾಠಗಳು: ರೇಡಿಯಾಗ್ರಫಿ ಕಲಿಯುವವರಿಗೊಂದು ಸಮಗ್ರ ಮಾರ್ಗದರ್ಶಿ

ಬಿದ್ದವರ ಮೂಳೆ ಮುರಿದಿದೆಯೋ ಬರೀ ಉಳುಕಿದೆಯೋ, ವಾರಗಟ್ಟಲೆ ಕೆಮ್ಮುತ್ತಿರುವವರ ಶ್ವಾಸಕೋಶದಲ್ಲಿ ಕಲೆ ಇದೆಯೋ ಇಲ್ಲವೋ, ಹೊಟ್ಟೆನೋವಿನಿಂದ ಒದ್ದಾಡುತ್ತ ಬಂದವರ ಕರುಳು ತೂತಾಗಿದೆಯೋ ಎಂಬ ಪ್ರಶ್ನೆಗಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಬಹಳ ಸಲ ಮೊದಲು ಉತ್ತರ ಕೊಡುವುದು ಎಕ್ಸ್‌ರೇ ಚಿತ್ರ. ಅದನ್ನು ತೆಗೆಯುವವರು ಕೆಲಸ ಬಲ್ಲವರಾಗಿದ್ದರೆ ವೈದ್ಯರ ದಾರಿ ಸುಗಮವಾಗುತ್ತದೆ. ಇಲ್ಲದಿದ್ದರೆ ರೋಗಿ ಎರಡನೆಯ ಸಲ, ಮೂರನೆಯ ಸಲ ವಿಕಿರಣಕ್ಕೆ ಮೈಯೊಡ್ಡಬೇಕಾಗುತ್ತದೆ. ಬಟನ್ ಒತ್ತುವ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಆದರೆ ಚಿತ್ರ ಸರಿಯಾಗುವುದೂ ಕೆಡುವುದೂ ಅದಕ್ಕಿಂತ ಮುಂಚಿನ ನಾಲ್ಕೈದು ನಿಮಿಷಗಳಲ್ಲಿ. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಕಾಲೇಜುಗಳಲ್ಲಿ ಎಕ್ಸ್‌ರೇ ತಂತ್ರಜ್ಞಾನದ ಡಿಪ್ಲೊಮಾ ಅಥವಾ ಇಮೇಜಿಂಗ್ ಪದವಿಗೆ ಸೇರಿದವರಿಗಾಗಿ, ಮುಧೋಳ, ಜಮಖಂಡಿ, ಇಂಡಿಯಂಥ ಊರುಗಳ ಆಸ್ಪತ್ರೆಗಳಲ್ಲಿ ಹೊಸದಾಗಿ ಕೆಲಸಕ್ಕೆ ನಿಂತವರಿಗಾಗಿ ಈ ಲೇಖನದಲ್ಲಿ ಆ ನಾಲ್ಕೈದು ನಿಮಿಷಗಳನ್ನೇ ಹಂತಹಂತವಾಗಿ ಬಿಡಿಸಿ ಹೇಳಲಾಗಿದೆ.

ಯಾವ ಪರೀಕ್ಷೆ ಯಾವುದಕ್ಕೆ

ದೇಹದ ಒಳಗನ್ನು ನೋಡುವ ವಿಧಾನಗಳಲ್ಲಿ ಎಕ್ಸ್‌ರೇ ಅತ್ಯಂತ ಹಳೆಯದು. ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ 1895ರ ನವೆಂಬರ್ 8ರಂದು ಈ ಕಿರಣಗಳನ್ನು ಗುರುತಿಸಿದರು; 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಸಿಟಿ ಸ್ಕ್ಯಾನ್‌ನಲ್ಲಿ ಬಳಸುವುದೂ ಎಕ್ಸ್‌ರೇ ಕಿರಣಗಳನ್ನೇ. ಟ್ಯೂಬು ದೇಹದ ಸುತ್ತ ತಿರುಗುತ್ತ ಅಳತೆಗಳನ್ನು ಸಂಗ್ರಹಿಸುತ್ತದೆ, ಕಂಪ್ಯೂಟರು ಅವನ್ನು ಅಡ್ಡ ಸೀಳುಗಳ ಚಿತ್ರವಾಗಿ ಜೋಡಿಸುತ್ತದೆ. ತಲೆಗೆ ಪೆಟ್ಟು ಬಿದ್ದವರಿಗೆ ಅದು ಬೇಕೇ ಬೇಕು, ಆದರೆ ಹೊಟ್ಟೆಯ ಒಂದು ಸಿಟಿಯಲ್ಲಿ ರೋಗಿಗೆ ತಗಲುವ ವಿಕಿರಣವು ಎದೆಯ ಒಂದು ಎಕ್ಸ್‌ರೇಗಿಂತ ನೂರಾರು ಪಟ್ಟು ಹೆಚ್ಚು. ಅಲ್ಟ್ರಾಸೌಂಡ್ ಧ್ವನಿ ತರಂಗಗಳಿಂದಲೂ, ಎಂಆರ್‌ಐ ಬಲವಾದ ಅಯಸ್ಕಾಂತ ಮತ್ತು ರೇಡಿಯೊ ತರಂಗಗಳಿಂದಲೂ ಕೆಲಸ ಮಾಡುವುದರಿಂದ ಅವೆರಡರಲ್ಲಿ ಈ ಬಗೆಯ ವಿಕಿರಣವೇ ಇಲ್ಲ. ಅಲ್ಟ್ರಾಸೌಂಡ್ ಕೋಣೆಗೆ ಬೇರೊಂದು ಕಾನೂನು ಅನ್ವಯಿಸುತ್ತದೆ: ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ, ಯಂತ್ರವನ್ನು ನೋಂದಾಯಿಸದೆ ಬಳಸುವಂತಿಲ್ಲ. ಈ ಲೇಖನದ ವಿಷಯ ಸಾದಾ ಎಕ್ಸ್‌ರೇ ಮಾತ್ರ.

ಕಿರಣ ಹುಟ್ಟುವ ಬಗೆ, ನೆರಳು ಬೀಳುವ ಬಗೆ

ಎಕ್ಸ್‌ರೇ ಟ್ಯೂಬು ಎಂದರೆ ಗಾಳಿಯನ್ನು ಪೂರ್ತಿ ತೆಗೆದುಹಾಕಿದ ಒಂದು ಕವಚ. ಅದರ ಒಂದು ತುದಿಯಲ್ಲಿ ಟಂಗ್‌ಸ್ಟನ್ ತಂತಿ ಕಾದು ಕೆಂಪಾಗಿ ಎಲೆಕ್ಟ್ರಾನುಗಳನ್ನು ಹೊರಬಿಡುತ್ತದೆ. ಇನ್ನೊಂದು ತುದಿಯಲ್ಲಿ ತಿರುಗುವ ಟಂಗ್‌ಸ್ಟನ್ ತಟ್ಟೆ ಇರುತ್ತದೆ. ಇವೆರಡರ ನಡುವೆ ಸಾವಿರಾರು ವೋಲ್ಟ್‌ಗಳ ಒತ್ತಡ ಕೊಟ್ಟಾಗ ಎಲೆಕ್ಟ್ರಾನುಗಳು ಭರದಿಂದ ಹೋಗಿ ತಟ್ಟೆಗೆ ಅಪ್ಪಳಿಸುತ್ತವೆ. ಆ ಶಕ್ತಿಯಲ್ಲಿ ಸುಮಾರು ನೂರಕ್ಕೆ ತೊಂಬತ್ತೊಂಬತ್ತು ಭಾಗ ಶಾಖವಾಗಿಯೇ ಹೋಗುತ್ತದೆ, ಒಂದು ಭಾಗದಷ್ಟು ಮಾತ್ರ ಎಕ್ಸ್‌ರೇ ಆಗುತ್ತದೆ. ಆದ್ದರಿಂದಲೇ ಬೆಳಿಗ್ಗೆ ಯಂತ್ರ ಚಾಲೂ ಮಾಡಿದ ಕೂಡಲೇ ಸೊಂಟದ ದೊಡ್ಡ ಎಕ್ಸ್‌ಪೋಜರ್ (ಒಂದು ಸಲ ಕಿರಣ ಹಾಯಿಸುವುದು) ಕೊಡಬಾರದು. ತಯಾರಕರು ಹೇಳಿದಂತೆ ಸಣ್ಣ ಎಕ್ಸ್‌ಪೋಜರ್‌ಗಳಿಂದ ಟ್ಯೂಬನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳಬೇಕು. ವಿಜಯಪುರದ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕೋಣೆಯ ಹವಾನಿಯಂತ್ರಕ ಕೆಟ್ಟಿದ್ದರೆ ಸಾಲಾಗಿ ಬಂದ ರೋಗಿಗಳ ನಡುವೆ ಟ್ಯೂಬಿಗೆ ತಣಿಯಲು ಬಿಡುವು ಕೊಡುವುದನ್ನೂ ಮರೆಯಬಾರದು.

ದೇಹದ ಮೂಲಕ ಹಾದ ಕಿರಣ ಹಿಂದಿನ ಡಿಟೆಕ್ಟರ್ (ಕಿರಣವನ್ನು ಹಿಡಿದು ಚಿತ್ರವಾಗಿಸುವ ಫಲಕ) ಮೇಲೆ ಬೀಳುತ್ತದೆ. ಗಾಳಿಯಿರುವ ಶ್ವಾಸಕೋಶ ಕಿರಣವನ್ನು ಹೆಚ್ಚಾಗಿ ಬಿಟ್ಟುಕೊಡುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಕೊಬ್ಬು ಗಾಢ ಬೂದು, ಸ್ನಾಯು, ರಕ್ತ, ನೀರು ತಿಳಿ ಬೂದು, ಮೂಳೆ ಬಿಳಿ, ಲೋಹ ಅಚ್ಚ ಬಿಳಿ. ಚಿತ್ರದಲ್ಲಿ ನಾವು ಓದುವುದೆಲ್ಲ ಈ ಐದು ಛಾಯೆಗಳ ನಡುವಿನ ಅಂಚುಗಳನ್ನೇ. ಇನ್ನೊಂದು ನಿಯಮ ನೆರಳಿಗೆ ಸಂಬಂಧಿಸಿದ್ದು. ಗೋಡೆಯ ಮುಂದೆ ದೀಪ ಹಚ್ಚಿಟ್ಟು ಕೈ ಅಡ್ಡ ಹಿಡಿದರೆ, ಕೈ ಗೋಡೆಗೆ ಹತ್ತಿರವಿದ್ದಷ್ಟೂ ನೆರಳು ಚಿಕ್ಕದಾಗಿ ಸ್ಪಷ್ಟವಾಗಿರುತ್ತದೆ, ದೀಪದ ಕಡೆಗೆ ಸರಿದಷ್ಟೂ ದೊಡ್ಡದಾಗಿ ಮಸುಕಾಗುತ್ತದೆ. ನೋಡಬೇಕಾದ ಅಂಗವನ್ನು ಡಿಟೆಕ್ಟರ್‌ಗೆ ತಾಗುವಂತೆ ಇಡುವುದು, ಟ್ಯೂಬನ್ನು ಸಾಕಷ್ಟು ದೂರ ನಿಲ್ಲಿಸುವುದು ಎಂಬ ಎರಡು ಮೂಲ ಪಾಠಗಳು ಇದರಿಂದಲೇ ಬಂದಿವೆ.

ಕಂಟ್ರೋಲ್ ಪ್ಯಾನೆಲ್ ಮೇಲೆ ನಾವು ಆರಿಸುವುದು ಮುಖ್ಯವಾಗಿ ಎರಡು ಸಂಖ್ಯೆಗಳನ್ನು. ಕೆವಿ (ಕಿಲೋವೋಲ್ಟ್) ಕಿರಣದ ತೂರುವ ಶಕ್ತಿಯನ್ನು ನಿರ್ಧರಿಸುತ್ತದೆ, ಎಂಎಎಸ್ (ಮಿಲಿಆಂಪಿಯರ್ ಮತ್ತು ಸೆಕೆಂಡುಗಳ ಗುಣಲಬ್ಧ) ಕಿರಣದ ಪ್ರಮಾಣವನ್ನು. 200 ಮಿಲಿಆಂಪಿಯರ್ ಕರೆಂಟನ್ನು 0.05 ಸೆಕೆಂಡು ಹರಿಸಿದರೂ 10 ಎಂಎಎಸ್, 100 ಮಿಲಿಆಂಪಿಯರ್ ಅನ್ನು 0.1 ಸೆಕೆಂಡು ಹರಿಸಿದರೂ 10 ಎಂಎಎಸ್. ಆದರೆ ಅಳುವ ಮಗುವಿಗೆ, ಉಸಿರು ಹಿಡಿಯಲಾಗದ ಮುದುಕರಿಗೆ ಮೊದಲನೆಯದೇ ಸರಿ, ಏಕೆಂದರೆ ಸಮಯ ಕಡಿಮೆಯಾದಷ್ಟೂ ಅಲುಗಾಟ ಚಿತ್ರಕ್ಕೆ ಇಳಿಯುವುದಿಲ್ಲ. ಕೆವಿಯನ್ನು ನೂರಕ್ಕೆ 15ರಷ್ಟು ಹೆಚ್ಚಿಸಿದರೆ ಎಂಎಎಸ್ ಅನ್ನು ಅರ್ಧಕ್ಕೆ ಇಳಿಸಬಹುದು. ಅಂದರೆ 70 ಕೆವಿ, 10 ಎಂಎಎಸ್ ಕೊಡುವಲ್ಲಿ 80 ಕೆವಿ, 5 ಎಂಎಎಸ್ ಕೊಟ್ಟರೂ ಡಿಟೆಕ್ಟರ್‌ಗೆ ಹೆಚ್ಚುಕಡಿಮೆ ಅಷ್ಟೇ ಕಿರಣ ತಲುಪುತ್ತದೆ, ರೋಗಿಗೆ ತಗಲುವುದು ಕಡಿಮೆಯಾಗುತ್ತದೆ, ಬೂದು ಛಾಯೆಗಳ ನಡುವಿನ ವ್ಯತ್ಯಾಸ ಮಾತ್ರ ತುಸು ಕುಗ್ಗುತ್ತದೆ. ಇದರ ಜೊತೆಗೆ ದೂರದ ಲೆಕ್ಕವೂ ಇದೆ: ಟ್ಯೂಬಿನ ದೂರವನ್ನು ಎರಡು ಪಟ್ಟು ಮಾಡಿದರೆ ಕಿರಣದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಮೊದಲ ಹಂತ: ಚೀಟಿ ಓದುವುದು, ರೋಗಿಯನ್ನು ಕೇಳುವುದು

ವೈದ್ಯರು ಬರೆದ ಚೀಟಿಯಲ್ಲಿ ಹೆಸರು, ವಯಸ್ಸು, ಯಾವ ಅಂಗ, ಎಡವೋ ಬಲವೋ, ಯಾಕಾಗಿ ಎಂಬ ಐದೂ ವಿವರಗಳಿವೆಯೇ ಎಂದು ಮೊದಲು ನೋಡಬೇಕು. ಆಮೇಲೆ ರೋಗಿಯನ್ನು ಮಾತಾಡಿಸಬೇಕು. "ನೀವ ಮಲ್ಲಪ್ಪ ಏನ್ರಿ?" ಎಂದು ಕೇಳಿದರೆ ಕಿವಿ ಮಂದವಾದ ಹಿರಿಯರು ಗೌರವಕ್ಕೋ ಗಾಬರಿಗೋ ತಲೆಯಾಡಿಸಿಬಿಡುತ್ತಾರೆ. ನಮ್ಮ ಕಡೆ ಒಂದೇ ಬೆಂಚಿನ ಮೇಲೆ ಇಬ್ಬರು ಮಲ್ಲಪ್ಪ, ಇಬ್ಬರು ಬಸವ್ವ ಕುಳಿತಿರುವುದು ಹೊಸದಲ್ಲ. "ಅಜ್ಜಾರ, ನಿಮ್ಮ ಹೆಸರ ಹೇಳ್ರಿ, ಯಾವೂರ ಹೇಳ್ರಿ, ಎಲ್ಲಿ ನೋವೈತಿ ತೋರಸ್ರಿ" ಎಂದು ಅವರ ಬಾಯಿಂದಲೇ ಹೇಳಿಸಬೇಕು. ಚೀಟಿಯಲ್ಲಿ ಬಲಗೈ ಎಂದಿದ್ದು ರೋಗಿ ಎಡಗೈ ಮುಂದೆ ಚಾಚಿದರೆ ಅಲ್ಲಿಗೇ ನಿಲ್ಲಿಸಿ, ಬರೆದ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳನ್ನು ಬಸಿರಿನ ಬಗ್ಗೆ ಕೇಳದೆ ಎಕ್ಸ್‌ಪೋಜರ್ ಕೊಡುವಂತಿಲ್ಲ. ಕೇಳುವ ರೀತಿಯೂ ಮುಖ್ಯ. ಅತ್ತೆ, ಗಂಡ, ಊರಿನವರು ಸುತ್ತ ನಿಂತಾಗ ಕೇಳಿದರೆ ನಿಜವಾದ ಉತ್ತರ ಬರುವುದಿಲ್ಲ. ಮದುವೆಯಾಗದ ಹುಡುಗಿಯನ್ನು ತಾಯಿಯ ಎದುರಿಗೆ ಕೇಳಿದರಂತೂ ಆಕೆ ತಲೆ ತಗ್ಗಿಸಿ ಇಲ್ಲ ಎಂದೇ ಹೇಳುತ್ತಾಳೆ. ಸಾಧ್ಯವಾದಷ್ಟೂ ಮಹಿಳಾ ಸಿಬ್ಬಂದಿಯಿಂದ, ಒಬ್ಬರನ್ನೇ ಒಳಗೆ ಕರೆದು, "ಅಕ್ಕಾರ, ಕಡೀ ಸಲ ಮುಟ್ಟ ಯಾವಾಗ ಆಗಿತ್ರಿ?" ಎಂದು ಸಹಜವಾಗಿ ಕೇಳಿಸಬೇಕು. ಅನುಮಾನವಿದ್ದರೆ ವೈದ್ಯರಿಗೆ ತಿಳಿಸಬೇಕು. ಮುಂದಕ್ಕೆ ಹಾಕುವುದೋ, ಅಲ್ಟ್ರಾಸೌಂಡ್ ಮಾಡಿಸುವುದೋ, ಅನಿವಾರ್ಯವಾದ್ದರಿಂದ ಈಗಲೇ ತೆಗೆಯುವುದೋ ಎಂಬುದು ಅವರ ನಿರ್ಧಾರ. ಬಸುರಿ ಎಂಬ ಒಂದೇ ಕಾರಣಕ್ಕೆ ಅಪಘಾತದಲ್ಲಿ ಸಿಕ್ಕವರನ್ನು ಎಕ್ಸ್‌ರೇ ಇಲ್ಲದೆ ವಾಪಸು ಕಳುಹಿಸುವುದೂ ತಪ್ಪೇ.

ಎರಡನೆಯ ಹಂತ: ಮೈಮೇಲಿನ ಲೋಹ

ಎದೆಯ ಚಿತ್ರ ಕೆಡುವುದಕ್ಕೆ ಅತಿ ಸಾಮಾನ್ಯ ಕಾರಣ ಯಂತ್ರವಲ್ಲ, ಮೈಮೇಲೆ ಉಳಿದುಹೋದ ವಸ್ತುಗಳು. ತಾಳಿ, ಬೋರಮಾಳ, ರವಿಕೆಯ ಹುಕ್ಕು, ಅಂಗಿಯ ಕಿಸೆಯಲ್ಲಿನ ನಾಣ್ಯ ಮತ್ತು ಮೊಬೈಲು, ತೋಳಿನ ತಾಯಿತ, ಸೊಂಟದ ಚಿತ್ರಕ್ಕಾದರೆ ಉಡದಾರದ ಬೆಳ್ಳಿ ಗುಂಡು, ಇವೆಲ್ಲ ಅಚ್ಚ ಬಿಳಿಯಾಗಿ ಬಿದ್ದು ಅಡಿಯಲ್ಲಿರುವುದನ್ನು ಮುಚ್ಚಿಬಿಡುತ್ತವೆ. ಎಣ್ಣೆ ಹಚ್ಚಿ ಹೆಣೆದ ದಪ್ಪ ಜಡೆ ಲೋಹವಲ್ಲದಿದ್ದರೂ ಶ್ವಾಸಕೋಶದ ಮೇಲ್ತುದಿಯ ಮೇಲೆ ನೆರಳು ಚೆಲ್ಲುತ್ತದೆ. ಕ್ಷಯರೋಗದ ಕಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅದೇ ಜಾಗದಲ್ಲಿ, ಆದ್ದರಿಂದ ಜಡೆಯನ್ನು ಮೇಲೆತ್ತಿ ಕಟ್ಟಿಸಲೇಬೇಕು.

ನಮ್ಮ ಭಾಗದಲ್ಲಿ ವಿಶೇಷ ಗಮನ ಬೇಕಾದದ್ದು ಇಷ್ಟಲಿಂಗದ ಕರಡಿಗೆ. ಶಿವದಾರದಲ್ಲಿ ಎದೆಯ ಮೇಲೆ ತೂಗುವ ಬೆಳ್ಳಿಯ ಕರಡಿಗೆ ಎಕ್ಸ್‌ರೇಯಲ್ಲಿ ಹೃದಯದ ನೆರಳಿನ ಮೇಲೆಯೋ ಪಕ್ಕದಲ್ಲಿಯೋ ದೊಡ್ಡದೊಂದು ಬಿಳಿ ಗುಂಡಾಗಿ ಬಂದು ಕೂರುತ್ತದೆ. "ಅದನ್ನ ತಗದ ಟೇಬಲ್ ಮ್ಯಾಲ ಇಡ್ರಿ" ಎಂದು ಆಜ್ಞೆ ಮಾಡಿದರೆ ಅನೇಕ ಹಿರಿಯರು ಎಕ್ಸ್‌ರೇಯನ್ನೇ ಬೇಡವೆನ್ನುತ್ತಾರೆ, ಮೈಯಿಂದ ಲಿಂಗ ಅಗಲಬಾರದೆಂಬುದು ಅವರ ನಂಬಿಕೆ. ತೆಗೆಸುವ ಅಗತ್ಯವೂ ಇಲ್ಲ. ನಾವು ಮುಟ್ಟದೆ, ಅವರ ಕೈಯಿಂದಲೇ ಶಿವದಾರವನ್ನು ಸಡಿಲಿಸಿ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದುಕೊಳ್ಳಲು ವಿನಂತಿಸಿದರೆ ಸಾಕು. ಎದೆಯ ಚಿತ್ರಕ್ಕೆ ಕೈಗಳು ಹೇಗೂ ಸೊಂಟದ ಮೇಲಿರುತ್ತವೆ, ಕಿರಣದ ಚೌಕದಿಂದ ಹೊರಗೆ. ಒಂದು ನಿಮಿಷದ ಈ ಸೌಜನ್ಯದಿಂದ ಚಿತ್ರವೂ ಉಳಿಯುತ್ತದೆ, ರೋಗಿಯ ಮನಸ್ಸೂ ನೋಯುವುದಿಲ್ಲ.

ಮೂರನೆಯ ಹಂತ: ಎದೆಯ ಪಿಎ ಚಿತ್ರ

ಕಿರಣ ಬೆನ್ನಿನಿಂದ ಹೊಕ್ಕು ಎದೆಯಿಂದ ಹೊರಬರುವ ಈ ಭಂಗಿಯನ್ನು ಚೆನ್ನಾಗಿ ಕಲಿತವರಿಗೆ ಉಳಿದವು ಸುಲಭ. ಹೃದಯ ಎದೆಯ ಮುಂಭಾಗಕ್ಕೆ ಹತ್ತಿರವಿರುವುದರಿಂದ ಎದೆಯನ್ನು ಡಿಟೆಕ್ಟರ್‌ಗೆ ತಾಗಿಸಿ ನಿಲ್ಲಿಸಿದರೆ ಹೃದಯದ ಅಳತೆ ಹಿಗ್ಗುವುದಿಲ್ಲ. ಟ್ಯೂಬನ್ನು 180 ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸುವುದೂ ಇದೇ ಕಾರಣಕ್ಕೆ.

ರೋಗಿ ಸ್ಟ್ಯಾಂಡಿಗೆ ಮುಖ ಮಾಡಿ, ಎರಡೂ ಕಾಲಿನ ಮೇಲೆ ಸಮಭಾರ ಹಾಕಿ ನಿಲ್ಲಬೇಕು. ಗದ್ದ ಮೇಲೆತ್ತಿ ಸ್ಟ್ಯಾಂಡಿನ ಅಂಚಿನ ಮೇಲಿರಬೇಕು, ಡಿಟೆಕ್ಟರ್‌ನ ಮೇಲಂಚು ಹೆಗಲಿಗಿಂತ ಸುಮಾರು 5 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಮುಂಗೈಯ ಹಿಂಬದಿಯನ್ನು ಸೊಂಟಕ್ಕೆ ಇಟ್ಟು ಮೊಣಕೈಗಳನ್ನು ಮುಂದಕ್ಕೆ ತಂದರೆ ಹೆಗಲ ಹಲಗೆಗಳು ಶ್ವಾಸಕೋಶದ ಮೇಲಿಂದ ಪಕ್ಕಕ್ಕೆ ಸರಿಯುತ್ತವೆ. ಹೆಗಲನ್ನು ಮೇಲೆತ್ತಗೊಡಬಾರದು, ಕೆಳಕ್ಕೆ ಸಡಿಲಬಿಡಿಸಬೇಕು. ಕಿರಣದ ನಡುಬಿಂದು ಹೆಗಲ ಹಲಗೆಯ ಕೆಳತುದಿಯ ಮಟ್ಟದಲ್ಲಿ, ಏಳನೆಯ ಎದೆ ಕಶೇರುವಿನ ಮೇಲೆ ಬೀಳಬೇಕು. ಕಿರಣದ ಹರವನ್ನು ಮಿತಿಗೊಳಿಸುವ ಕಾಲಿಮೇಟರ್‌ನ ಬೆಳಕಿನ ಚೌಕವನ್ನು ಎದೆಯ ಅಗಲಕ್ಕಷ್ಟೇ ಕಿರಿದು ಮಾಡಬೇಕು. ಹೊಟ್ಟೆ, ಕುತ್ತಿಗೆ, ತೋಳು ಎಲ್ಲವನ್ನೂ ಒಳಗೊಂಡ ಚಿತ್ರ ತೆಗೆಯುವುದು ಸೋಮಾರಿತನವೇ ಹೊರತು ಎಚ್ಚರಿಕೆಯಲ್ಲ. ಎಡ ಅಥವಾ ಬಲದ ಸೀಸದ ಗುರುತನ್ನು ಎಕ್ಸ್‌ಪೋಜರ್‌ಗೆ ಮುನ್ನವೇ ಹಚ್ಚಬೇಕು. ಹೃದಯ ಬಲಕ್ಕಿರುವವರು ಅಪರೂಪಕ್ಕಾದರೂ ಇರುತ್ತಾರೆ, ಕಂಪ್ಯೂಟರಿನಲ್ಲಿ ಆಮೇಲೆ ಊಹಿಸಿ ಹಾಕಿದ ಅಕ್ಷರ ಅವರ ವಿಷಯದಲ್ಲಿ ಸುಳ್ಳಾಗುತ್ತದೆ.

ಉಸಿರಿನ ಸೂಚನೆಯನ್ನು ಗಾಜಿನ ಹಿಂದೆ ನಿಂತು ಒಮ್ಮೆಲೇ ಕೂಗಬಾರದು. ಮೊದಲು ಪಕ್ಕದಲ್ಲಿ ನಿಂತು ಒಂದು ಸಲ ಮಾಡಿಸಿ ನೋಡಬೇಕು: "ಉಸರ ಜಗ್ಗಿ ತಗೋರಿ... ಬಿಡ್ರಿ... ಇನ್ನೊಮ್ಮಿ ಜಗ್ಗಿ ತಗೋರಿ... ಹಂಗ ಹಿಡೀರಿ, ಅಳ್ಳಾಡಬ್ಯಾಡ್ರಿ." ಎರಡನೆಯ ಸಲ ಎಳೆದ ಉಸಿರು ಮೊದಲನೆಯದಕ್ಕಿಂತ ಆಳವಾಗಿರುತ್ತದೆ, ಆದ್ದರಿಂದ ಎಕ್ಸ್‌ಪೋಜರ್ ಆಗಲೇ ಕೊಡಬೇಕು. ಬೆಳಗಾವಿ, ನಿಪ್ಪಾಣಿಯ ಕಡೆ ಕೆಲಸ ಮಾಡುವವರು "ಶ್ವಾಸ ಘ್ಯಾ, ಧರೂನ್ ಠೇವಾ, ಸೋಡಾ" ಎಂಬ ಮರಾಠಿಯನ್ನೂ, ವಿಜಯಪುರದವರು ಉರ್ದುವಿನ ಈ ಮೂರು ಮಾತುಗಳನ್ನೂ ಕಲಿತಿಟ್ಟುಕೊಂಡರೆ ಮರುಚಿತ್ರಗಳ ಸಂಖ್ಯೆ ತಾನಾಗಿಯೇ ಇಳಿಯುತ್ತದೆ.

ಗ್ರಿಡ್ (ಚದುರಿದ ಕಿರಣವನ್ನು ತಡೆಯುವ ಜಾಲರಿ) ಇಲ್ಲದೆ ಸಾಧಾರಣ ಮೈಕಟ್ಟಿನ ವಯಸ್ಕರಿಗೆ 65ರಿಂದ 75 ಕೆವಿಯಲ್ಲಿ, ಗ್ರಿಡ್ ಇರುವ ಸ್ಟ್ಯಾಂಡಿನಲ್ಲಿ 110ರಿಂದ 120 ಕೆವಿಯಲ್ಲಿ ಆರಂಭಿಸಬಹುದು. ಪ್ರತಿ ಯಂತ್ರಕ್ಕೂ ಅದರದೇ ಆದ ಚಾರ್ಟು ಬೇಕು; ಮತ್ತೊಂದು ಆಸ್ಪತ್ರೆಯ ಸಂಖ್ಯೆಗಳನ್ನು ನಕಲು ಮಾಡಿ ಗೋಡೆಗೆ ಅಂಟಿಸಿದರೆ ಪ್ರಯೋಜನವಿಲ್ಲ.

ಎದ್ದು ನಿಲ್ಲಲಾಗದವರ ಚಿತ್ರವನ್ನು ಹಾಸಿಗೆಯಲ್ಲೇ ಮುಂದಿನಿಂದ (ಎಪಿ) ತೆಗೆಯಬೇಕಾಗುತ್ತದೆ. ಅದರಲ್ಲಿ ಹೃದಯ ದೊಡ್ಡದಾಗಿ ಕಾಣುತ್ತದೆ, ಎದೆಯಲ್ಲಿ ತುಂಬಿದ ನೀರು ಕೆಳಗೆ ಇಳಿಯದೆ ಬೆನ್ನಿನುದ್ದಕ್ಕೂ ಹರಡಿ ಬರೀ ಮಬ್ಬಾಗಿ ತೋರುತ್ತದೆ. ಚಿತ್ರದ ಮೇಲೆ "ಎಪಿ, ಮಲಗಿದ ಭಂಗಿ" ಎಂದು ಬರೆಯದಿದ್ದರೆ ಓದುವ ವೈದ್ಯರು ದಾರಿ ತಪ್ಪುತ್ತಾರೆ.

ನಾಲ್ಕನೆಯ ಹಂತ: ಮೂಳೆ ಮುರಿತಕ್ಕೆ ಎರಡು ಚಿತ್ರ

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನಿಂದ ಬಿದ್ದವರು, ಗಾಣಕ್ಕೆ ಕೈ ಸಿಕ್ಕವರು, ಅಂಗಳದಲ್ಲಿ ಜಾರಿ ಅಂಗೈ ಊರಿ ಬಿದ್ದ ಅಜ್ಜಿಯಂದಿರು ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಎಕ್ಸ್‌ರೇ ಕೋಣೆಗಳಿಗೆ ಬರುತ್ತಲೇ ಇರುತ್ತಾರೆ. ಒಂದೇ ಕಡೆಯಿಂದ ತೆಗೆದ ಚಿತ್ರದಿಂದ ಮುರಿತವನ್ನು ತೀರ್ಮಾನಿಸಲಾಗುವುದಿಲ್ಲ. ಅಂಗೈ ಊರಿ ಬಿದ್ದಾಗ ಮಣಿಕಟ್ಟಿನ ಬಳಿ ಆಗುವ ಕೋಲಿಸ್ ಮುರಿತವನ್ನೇ ನೋಡಿ: ನೇರ ಚಿತ್ರದಲ್ಲಿ ತೆಳುವಾದ ಬಿರುಕಿನಂತೆ ಕಂಡದ್ದು ಪಕ್ಕದ ಚಿತ್ರದಲ್ಲಿ ಮುಂಗೈಯ ಹಿಂಬದಿಗೆ ಸರಿದು ನಿಂತ ತುಂಡಾಗಿ ತೋರಬಹುದು. ಬರೀ ಪಟ್ಟಿ ಹಾಕಿದರೆ ಸಾಕೋ, ಮೂಳೆಯನ್ನು ಎಳೆದು ಕೂಡಿಸಬೇಕೋ ಎಂಬ ನಿರ್ಧಾರಕ್ಕೆ ಆ ಎರಡನೆಯ ಚಿತ್ರ ಬೇಕು. ಆದ್ದರಿಂದ 90 ಡಿಗ್ರಿ ಅಂತರದಲ್ಲಿ ಎರಡು ಚಿತ್ರ ಕಡ್ಡಾಯ. ಉದ್ದ ಮೂಳೆಗಳಾದರೆ ಮೇಲಿನ ಕೀಲೂ ಕೆಳಗಿನ ಕೀಲೂ ಚಿತ್ರದೊಳಗೆ ಬರಬೇಕು.

ಮಣಿಕಟ್ಟಿಗೆ ರೋಗಿಯನ್ನು ಟೇಬಲಿನ ಪಕ್ಕಕ್ಕೆ ಕೂರಿಸಿ, ಅಂಗೈ ಕೆಳಮುಖವಾಗಿ ಡಿಟೆಕ್ಟರ್ ಮೇಲಿಡಿಸಿ, ಬೆರಳುಗಳನ್ನು ತುಸು ಮಡಚಿಸಿದರೆ ಮಣಿಕಟ್ಟು ಸಮತಟ್ಟಾಗಿ ಕೂರುತ್ತದೆ. ದೂರ 100 ಸೆಂಟಿಮೀಟರ್, 50ರಿಂದ 55 ಕೆವಿ. ಪಕ್ಕದ ಚಿತ್ರಕ್ಕೆ ಕಿರುಬೆರಳಿನ ಅಂಚು ಕೆಳಗೆ ಬರುವಂತೆ ಕೈ ತಿರುಗಿಸಬೇಕು. ನೋವಿರುವ ಮಣಿಕಟ್ಟನ್ನಷ್ಟೇ ಹಿಡಿದು ತಿರುವದೆ, ಮೊಣಕೈಯಿಂದ ಇಡೀ ತೋಳನ್ನು ಒಟ್ಟಿಗೆ ಹೊರಳಿಸಿದರೆ ನೋವೂ ಕಡಿಮೆ, ಚಿತ್ರವೂ ನೇರ. ಕುತ್ತಿಗೆಗೆ ಪೆಟ್ಟಾಗಿರುವ ಅನುಮಾನವಿದ್ದರೆ ಮಾತ್ರ ರೋಗಿಯನ್ನಾಗಲಿ ಕುತ್ತಿಗೆಯ ಪಟ್ಟಿಯನ್ನಾಗಲಿ ಅಲುಗಿಸಲೇಬಾರದು; ಟ್ಯೂಬನ್ನು ಪಕ್ಕಕ್ಕೆ ತಿರುಗಿಸಿ ಮಲಗಿದಲ್ಲೇ ಪಕ್ಕದ ಚಿತ್ರ ತೆಗೆಯಬೇಕು.

ಐದನೆಯ ಹಂತ: ಚಿತ್ರವನ್ನು ನಾವೇ ಮೊದಲು ಪರೀಕ್ಷಿಸುವುದು

ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆಯುವ ಕಾಲ ಹೆಚ್ಚುಕಡಿಮೆ ಮುಗಿದಿದೆ. ಈಗ ಸಿಆರ್ (ಕಂಪ್ಯೂಟೆಡ್ ರೇಡಿಯಾಗ್ರಫಿ) ಕ್ಯಾಸೆಟ್ಟಿನೊಳಗಿನ ಪ್ಲೇಟನ್ನು ಲೇಸರ್ ಓದುತ್ತದೆ, ಡಿಆರ್ (ಡಿಜಿಟಲ್ ರೇಡಿಯಾಗ್ರಫಿ) ಫಲಕದಲ್ಲಾದರೆ ಚಿತ್ರ ಕೆಲವೇ ಸೆಕೆಂಡುಗಳಲ್ಲಿ ಪರದೆಗೆ ಬರುತ್ತದೆ. ಸಿಆರ್ ಪ್ಲೇಟುಗಳು ಬಳಸದೆ ಬಿದ್ದಿದ್ದಾಗ ಪರಿಸರದ ವಿಕಿರಣವನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಎರಡು ಮೂರು ದಿನ ಮುಚ್ಚಿದ ಕ್ಲಿನಿಕ್ಕಿನಲ್ಲಿ ಮತ್ತೆ ಕೆಲಸ ಶುರುಮಾಡುವ ಮುನ್ನ ಎಲ್ಲ ಪ್ಲೇಟುಗಳನ್ನೂ ಒಮ್ಮೆ ಅಳಿಸಿಕೊಳ್ಳಬೇಕು.

ಎದೆಯ ಚಿತ್ರದಲ್ಲಿ ನೋಡಬೇಕಾದದ್ದು ಇಷ್ಟು. ಎರಡೂ ಕೊರಳೆಲುಬುಗಳ ಒಳತುದಿಗಳು ಬೆನ್ನುಮೂಳೆಯ ನಡುಗೆರೆಯಿಂದ ಸಮದೂರದಲ್ಲಿದ್ದರೆ ರೋಗಿ ತಿರುಗಿ ನಿಂತಿರಲಿಲ್ಲ ಎಂದರ್ಥ. ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ) ಮೇಲೆ ಹಿಂಬದಿಯ ಒಂಬತ್ತು ಹತ್ತು ಪಕ್ಕೆಲುಬುಗಳನ್ನು ಎಣಿಸಲು ಸಾಧ್ಯವಾದರೆ ಉಸಿರು ಸಾಕಷ್ಟು ಎಳೆದಿದ್ದಾರೆ. ಶ್ವಾಸಕೋಶದ ಮೇಲ್ತುದಿಗಳೂ ಕೆಳಗಿನ ಎರಡೂ ಚೂಪು ಮೂಲೆಗಳೂ ಕತ್ತರಿಸಿ ಹೋಗಿರಬಾರದು. ಹೃದಯದ ನೆರಳಿನ ಹಿಂದೆ ಕಶೇರುಗಳು ಮಸುಕಾಗಿ ಕಾಣಬೇಕು.

ಡಿಜಿಟಲ್ ಯಂತ್ರದಲ್ಲಿ ಒಂದು ಅಪಾಯವಿದೆ. ಕಿರಣ ಕಡಿಮೆಯಾದರೆ ಚಿತ್ರದಲ್ಲಿ ಮರಳು ಚೆಲ್ಲಿದಂಥ ಕಣಗಳು ಕಾಣುವುದರಿಂದ ತಕ್ಷಣ ಗೊತ್ತಾಗುತ್ತದೆ, ಆದರೆ ಹೆಚ್ಚಾದರೆ ಕಂಪ್ಯೂಟರು ಅದನ್ನು ಸರಿದೂಗಿಸಿ ಇನ್ನೂ ಅಂದವಾಗಿ ತೋರಿಸುತ್ತದೆ. ಹೀಗಾಗಿ ತಂತ್ರಜ್ಞರ ಕೈ ಅರಿವಿಲ್ಲದೆಯೇ ದಿನೇದಿನೇ ಹೆಚ್ಚಿನ ಎಂಎಎಸ್ ಕಡೆಗೆ ಜಾರುತ್ತದೆ. ಡಿಟೆಕ್ಟರ್‌ಗೆ ಎಷ್ಟು ಕಿರಣ ತಲುಪಿತೆಂದು ತೋರಿಸಲು ಪರದೆಯ ಮೂಲೆಯಲ್ಲಿ ಬರುವ ಎಕ್ಸ್‌ಪೋಜರ್ ಇಂಡೆಕ್ಸ್ ಸಂಖ್ಯೆಯನ್ನು ಪ್ರತಿ ಚಿತ್ರಕ್ಕೂ ನೋಡುವ ಅಭ್ಯಾಸವೊಂದೇ ಇದಕ್ಕೆ ಮದ್ದು. ತೀರಾ ಸಣ್ಣ ಕೊರತೆಗೆ ಮರುಚಿತ್ರ ಬೇಡ. ವೈದ್ಯರ ಪ್ರಶ್ನೆಗೆ ಉತ್ತರ ಸಿಗುವಂತಿದ್ದರೆ ಆ ಚಿತ್ರವೇ ಸಾಕು. ಮರುಚಿತ್ರ ತೆಗೆಯಲೇಬೇಕಾದರೆ ಕಾರಣವನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು.

ರಕ್ಷಣೆ: ರೋಗಿಯದು, ನಿಮ್ಮದು, ಹೊರಗೆ ಕಾಯುವವರದು

ನಮ್ಮ ದೇಶದಲ್ಲಿ ಎಕ್ಸ್‌ರೇ ಯಂತ್ರಗಳ ನಿಯಂತ್ರಣ ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. 1983ರಲ್ಲಿ ಸ್ಥಾಪನೆಯಾದ ಈ ಮಂಡಳಿಯ ಪರವಾನಗಿ ಇಲ್ಲದೆ ಯಂತ್ರ ನಡೆಸುವಂತಿಲ್ಲ. ಅರ್ಜಿಯನ್ನು ಅದರ ಇ-ಲೋರಾ ಜಾಲತಾಣದಲ್ಲಿ ಸಲ್ಲಿಸಬೇಕು. ವಿಕಿರಣದ ಕೆಲಸಗಾರರಿಗೆ ಸತತ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆಮಾನ), ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್, ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿಯೆಂದು ಅದು ವಿಧಿಸಿದೆ. ಎದೆಯ ಒಂದು ಚಿತ್ರದಲ್ಲಿ ರೋಗಿಗೆ ತಗಲುವುದು 0.1 ಮಿಲಿಸೀವರ್ಟ್‌ಗಿಂತ ಕಡಿಮೆ. ಆದ್ದರಿಂದ ಒಂದು ಎಕ್ಸ್‌ರೇಗೆ ಹೆದರುವ ರೋಗಿಗೆ ಧೈರ್ಯ ಹೇಳಬಹುದು, ಆದರೆ ದಿನವೂ ಅದೇ ಕೋಣೆಯಲ್ಲಿರುವ ನಾವು ಉಡಾಫೆ ಮಾಡಬಾರದು.

ನಮಗೆ ತಗಲಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜನ್ನು ಎದೆಯ ಮಟ್ಟದಲ್ಲಿ, ಸೀಸದ ಏಪ್ರನ್ನಿನ ಒಳಗೆ ಧರಿಸಬೇಕು. ಡ್ರಾಯರಿನಲ್ಲಿಟ್ಟ ಬ್ಯಾಡ್ಜು ನಿಮ್ಮ ಲೆಕ್ಕ ಹೇಳುವುದಿಲ್ಲ, ಕೋಣೆಯೊಳಗೇ ಮರೆತುಬಂದ ಬ್ಯಾಡ್ಜು ತಪ್ಪು ಲೆಕ್ಕ ಹೇಳುತ್ತದೆ. ಎಕ್ಸ್‌ಪೋಜರ್ ಹೊತ್ತಿಗೆ ಬಾಗಿಲು ಮುಚ್ಚಿರಬೇಕು, ಸಿಬ್ಬಂದಿ ಸೀಸದ ತಡೆಯ ಹಿಂದಿರಬೇಕು, ಏಕೆಂದರೆ ರೋಗಿಯ ಮೈಗೆ ತಾಗಿ ಚದುರಿದ ಕಿರಣ ಎಲ್ಲ ದಿಕ್ಕಿಗೂ ಬರುತ್ತದೆ. ಮಗುವನ್ನು ಹಿಡಿಯಬೇಕಾದರೆ ಮನೆಯವರು ಹಿಡಿಯಲಿ: ಹದಿನೆಂಟು ದಾಟಿದವರು, ಬಸುರಿಯಲ್ಲದವರು, ಏಪ್ರನ್ ತೊಟ್ಟವರು, ಕೈ ಕಿರಣದ ಚೌಕದೊಳಗೆ ಬಾರದಂತೆ. ಸಿಬ್ಬಂದಿಯೊಬ್ಬರೇ ದಿನವೂ ಮಕ್ಕಳನ್ನು ಹಿಡಿಯುವ ಪದ್ಧತಿ ಎಲ್ಲಿದ್ದರೂ ಅದನ್ನು ನಿಲ್ಲಿಸಬೇಕು.

ಕೊನೆಯ ಹಂತ: ಚಿತ್ರವನ್ನು ಒಪ್ಪಿಸುವುದು

ಚಿತ್ರದ ಜೊತೆಗೆ ನಮಗೆ ಗೊತ್ತಾದ ಸಂಗತಿಗಳೂ ವೈದ್ಯರಿಗೆ ತಲುಪಬೇಕು. ಇಳಕಲ್ಲಿನ ಕಲ್ಲಿನ ಕ್ವಾರಿಯಲ್ಲಿ ವರ್ಷಾನುಗಟ್ಟಲೆ ದುಡಿದೆನೆಂದು ರೋಗಿ ಮಾತಿನ ನಡುವೆ ಹೇಳಿದರೆ ಅದನ್ನು ಚೀಟಿಯಲ್ಲಿ ಬರೆಯಿರಿ. ಶ್ವಾಸಕೋಶದ ಮೇಲ್ಭಾಗದ ಸಣ್ಣ ಗಂಟುಗಳು ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್‌ನಲ್ಲೂ ಇರುತ್ತವೆ, ಕ್ಷಯದಲ್ಲೂ ಇರಬಹುದು. ಆ ಒಂದು ಸಾಲು ರೇಡಿಯಾಲಜಿಸ್ಟರಿಗೆ ಬಹಳ ನೆರವಾಗುತ್ತದೆ. "ಏನಾಗೇತ್ರಿ?" ಎಂದು ರೋಗಿ ಕೇಳಿದಾಗ ರೋಗದ ಹೆಸರು ಹೇಳುವುದು ನಮ್ಮ ಕೆಲಸವಲ್ಲ, "ಫೋಟೋ ಚಲೋ ಬಂದೈತ್ರಿ, ಡಾಕ್ಟರು ನೋಡಿ ಹೇಳ್ತಾರ" ಎಂದರೆ ಸಾಕು.

ಆದರೆ ಕೆಲವು ಚಿತ್ರಗಳನ್ನು ಸರತಿಯಲ್ಲಿ ಇಡುವಂತಿಲ್ಲ. ಹೊಟ್ಟೆನೋವಿನ ರೋಗಿಯನ್ನು ಐದು ಹತ್ತು ನಿಮಿಷ ನೆಟ್ಟಗೆ ಕೂರಿಸಿ ನಿಂತ ಭಂಗಿಯಲ್ಲಿ ತೆಗೆದ ಚಿತ್ರದಲ್ಲಿ ವಪೆಯ ಕೆಳಗೆ ಕಪ್ಪು ಗೆರೆಯಾಗಿ ಗಾಳಿ ಕಂಡರೆ ಜಠರವೋ ಕರುಳೋ ತೂತಾಗಿರುವ ಸಂಭವವಿದೆ. ಎದೆಯ ಒಂದು ಪಕ್ಕ ಪೂರ್ತಿ ಕಪ್ಪಾಗಿ ಹೃದಯ ಇನ್ನೊಂದು ಪಕ್ಕಕ್ಕೆ ತಳ್ಳಲ್ಪಟ್ಟಿದ್ದರೆ ರೋಗಿಗೆ ನಿಮಿಷಗಳೂ ಮುಖ್ಯ. ಇಂಥ ಹೊತ್ತಿನಲ್ಲಿ ರೋಗಿಯನ್ನು ಒಬ್ಬರನ್ನೇ ಬಿಡದೆ, ಚಿತ್ರ ಪ್ರಿಂಟಾಗುವುದನ್ನು ಕಾಯದೆ ಕರ್ತವ್ಯದ ಮೇಲಿರುವ ವೈದ್ಯರಿಗೆ ಕೂಡಲೇ ಫೋನು ಮಾಡಿ, ಯಾರಿಗೆ, ಎಷ್ಟು ಗಂಟೆಗೆ ತಿಳಿಸಿದಿರಿ ಎಂಬುದನ್ನು ರಿಜಿಸ್ಟರಿನಲ್ಲಿ ದಾಖಲಿಸಿ.